ಹೆಣ್ಣುಮಕ್ಕಳ ಪಾಲಿನ ಹಬ್ಬ

ಆಗಸ್ಟ್ 30ರಿಂದ ಸೆಪ್ಟೆಂಬರ್ 7ರವರೆಗಿನ ಒಂಬತ್ತು ದಿನ ಕರಾವಳಿಯ ಕಥೋಲಿಕ ಮನೆಗಳ ಅಂಗಳದಲ್ಲಿ ಹೂವು ಉಳಿಯುವುದಿಲ್ಲ. ದಾಸವಾಳ, ಕೇಪಳ, ಕರ್ಣಕುಂಡಲ, ಹೆಸರು ತಿಳಿಯದ ಬೇಲಿಯ ಹೂಗಳು ಎಲ್ಲವೂ ಮಕ್ಕಳ ಬುಟ್ಟಿ ಸೇರಿ, ಇಗರ್ಜಿಯಲ್ಲಿ ಬಾಲೆ ಮರಿಯಮ್ಮನವರ ಪಾದಗಳಿಗೆ ಸಲ್ಲುತ್ತವೆ. ಸೆಪ್ಟೆಂಬರ್ 8ರಂದು ಮೊಂತಿ ಹಬ್ಬ. ಅಂದು ಹೊಸ ತೆನೆಯ ಆಶೀರ್ವಾದ, ಬಾಳೆಯೆಲೆಯ ಮೇಲೆ ಬೆಸ ಸಂಖ್ಯೆಯ ತರಕಾರಿ ಪದಾರ್ಥಗಳು, ಹೊಸ ಕಾಳುಗಳನ್ನು ಸುಲಿದು ಬೆರೆಸಿದ ಹಾಲು ಅಥವಾ ಪಾಯಸ. ದೂರದ ಊರುಗಳಲ್ಲಿರುವ ಮನೆಯವರಿಗೆ ತೆನೆಯ ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳುಹಿಸುವ ರೂಢಿಯೂ ಉಂಟು. ಇದನ್ನು ತೆನೆ ಹಬ್ಬವೆಂದೂ ಕುಟುಂಬದ ಹಬ್ಬವೆಂದೂ ನಾವು ಕರೆಯುತ್ತೇವೆ. ಅದರ ಮೂಲದಲ್ಲಿರುವ ಸರಳ ಸಂಗತಿಯೊಂದು ಮಾತ್ರ ನಮ್ಮ ಗಮನಕ್ಕೆ ಬರುವುದು ಕಡಿಮೆ. ಇದು ಒಂದು ಹೆಣ್ಣುಮಗು ಹುಟ್ಟಿದ ದಿನ.

ಅದೇ ದಿನ ಅದೇ ಇಗರ್ಜಿಯ ಅಂಗಳದಲ್ಲಿ ಕಬ್ಬಿನ ತುಂಡು ಹಿಡಿದು ನಿಂತ ಮೂವರು ನಾಲ್ವರು ಅಕ್ಕತಂಗಿಯರನ್ನು ಕಂಡು ನಮ್ಮ ಜನರು ಅವರ ತಂದೆತಾಯಿಯರನ್ನು ಕೇಳುವುದೇನು? ‘ಎಲ್ಲವೂ ಹೆಣ್ಣೇ? ಗಂಡಿಲ್ಲವೇ?’ ಕೇಳುವವರ ಮನಸ್ಸಿನಲ್ಲಿ ಕೇಡಿರಲಾರದು, ಸ್ವಲ್ಪ ಕನಿಕರವೇ ಇರಬಹುದು. ಆದರೆ ಆ ಕನಿಕರ ಮಕ್ಕಳ ಕಿವಿಗೂ ಬೀಳುತ್ತದೆ. ಬಾಲೆ ಮರಿಯಮ್ಮನಿಗೆ ಈಗಷ್ಟೇ ಹೂವೆರಚಿದ ಎಂಟು ವರ್ಷದ ಹುಡುಗಿ, ತನ್ನ ಹುಟ್ಟು ಮಾತ್ರ ತನ್ನ ಮನೆಗೆ ಒಂದು ಕೊರತೆಯೆಂಬ ಪಾಠವನ್ನು ಅಂಗಳದಲ್ಲಿಯೇ ಕಲಿತು ಮನೆಗೆ ಹೋಗುತ್ತಾಳೆ.

ನಾವು ಮನೆಗಳ ಆಶೀರ್ವಾದಕ್ಕಾಗಿ ಹೋದಾಗಲೆಲ್ಲ ಕೇಳುವ ಇನ್ನೊಂದು ಮಾತಿದೆ. ರಜೆಯಲ್ಲಿ ಮಕ್ಕಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿದ್ದಿರಾ ಎಂದು ವಿಚಾರಿಸಿದರೆ, ‘ಫಾದರ್, ನಾಲ್ಕು ಹೆಣ್ಣುಮಕ್ಕಳಿರುವ ನಮಗೆ ತಿರುಗಾಟ ಎಲ್ಲಿಯದು?’ ಎಂಬ ಉತ್ತರ ಬರುತ್ತದೆ. ಇದರ ಹಿಂದೆ ಒಂದು ಲೆಕ್ಕಾಚಾರವಿದೆ. ಇಂದು ಉಳಿಸಿದ ಪ್ರತಿಯೊಂದು ರೂಪಾಯಿಯೂ ನಾಳೆಯ ಮದುವೆಗೆ, ಮದುವೆಯ ಚಿನ್ನಕ್ಕೆ. ವರದಕ್ಷಿಣೆಯನ್ನು ಕಾನೂನು ನಿಷೇಧಿಸಿದ್ದು 1961ರಲ್ಲಿ. ಅದು ‘ಉಡುಗೊರೆ’ ಎಂಬ ಸಭ್ಯ ಹೆಸರಿನಲ್ಲಿ ಇಂದಿಗೂ ನಮ್ಮ ನಡುವೆ ಓಡಾಡಿಕೊಂಡಿದೆ. ಹೀಗೆ ಹುಡುಗಿಯರ ಬಾಲ್ಯವೆಲ್ಲವೂ ಇನ್ನೂ ಗೊತ್ತಾಗದ ಒಂದು ದಿನಕ್ಕಾಗಿ ಅಡವಿಡಲ್ಪಡುತ್ತದೆ. ಆ ದಿನ ಬಂದಾಗ ಮೈತುಂಬ ಬಂಗಾರವಿರುತ್ತದೆ. ತಂದೆಯೊಡನೆ ಕಡಲ ದಂಡೆಯಲ್ಲಿ ಓಡಿದ ಒಂದು ನೆನಪೂ ಇರುವುದಿಲ್ಲ.

ಇದನ್ನು ಚಿಕ್ಕ ವಿಷಯವೆಂದು ತಳ್ಳಿಹಾಕಲಾಗದು. ಹೆಣ್ಣನ್ನು ವೆಚ್ಚವೆಂದು ಎಣಿಸುವ ಮನಸ್ಸೇ ಮುಂದುವರಿದು ಆಕೆಯ ಹುಟ್ಟನ್ನೇ ತಡೆಯುವ ಹಂತಕ್ಕೆ ಹೋಗುತ್ತದೆ. ನಮ್ಮ ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು. 2001ರಲ್ಲಿ ಅವರ ಸಂಖ್ಯೆ 927ಕ್ಕೆ ಇಳಿಯಿತು. 2011ರ ಜನಗಣತಿಯಲ್ಲಿ ಅದು 920ಕ್ಕಿಂತಲೂ ಕೆಳಗಿತ್ತು. ಭ್ರೂಣದ ಲಿಂಗಪತ್ತೆಯನ್ನು ತಡೆಯುವ ಕಾನೂನು 1994ರಲ್ಲಿಯೇ ಬಂದಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಕಾನೂನು ವೈದ್ಯರ ಕೈಯನ್ನು ಹಿಡಿಯಬಲ್ಲದು; ಮನೆಯ ಮನಸ್ಸನ್ನು ಬದಲಿಸುವ ಕೆಲಸ ಮನೆಯಲ್ಲಿಯೇ ನಡೆಯಬೇಕು.

ಈ ಹಿನ್ನೆಲೆಯಲ್ಲಿ ಮರಿಯಮ್ಮನವರ ತಂದೆತಾಯಿಯರಾದ ಸಂತ ಜೋವಕೀಮ್ ಮತ್ತು ಸಂತ ಅನ್ನಮ್ಮನವರ ಕಥೆಯನ್ನು ಗಮನಿಸೋಣ. ಶುಭಸಂದೇಶಗಳಲ್ಲಿ ಅವರ ಹೆಸರಿಲ್ಲ. ಎರಡನೆಯ ಶತಮಾನದ್ದೆಂದು ವಿದ್ವಾಂಸರು ಹೇಳುವ, ಯಾಕೋಬನ ಹೆಸರಿನಲ್ಲಿರುವ ಒಂದು ಪ್ರಾಚೀನ ಬರಹದಲ್ಲಿ ಆ ಕಥೆ ಬರುತ್ತದೆ. ಧರ್ಮಸಭೆ ಅದನ್ನು ಪವಿತ್ರ ಗ್ರಂಥಕ್ಕೆ ಸೇರಿಸಲಿಲ್ಲ. ಹಾಗಿದ್ದರೂ ಮರಿಯಮ್ಮನವರ ಜನ್ಮದಿನದ ಭಕ್ತಿಯೂ, ಜುಲೈ 26ರಂದು ಬರುವ ಆ ದಂಪತಿಗಳ ಹಬ್ಬವೂ ಅದೇ ಪರಂಪರೆಯ ನೀರು ಕುಡಿದು ಬೆಳೆದಿವೆ.

ಆ ಬರಹದಲ್ಲಿ ಮೂರು ಪ್ರಸಂಗಗಳಿವೆ. ಬಹುಕಾಲ ಮಕ್ಕಳಿಲ್ಲದೆ ಜನರ ನಿಂದೆಗೆ ಗುರಿಯಾಗಿದ್ದ ಅನ್ನಮ್ಮ ಹೆತ್ತಾಗ, ಹುಟ್ಟಿದ್ದು ಯಾವ ಮಗುವೆಂದು ಸೂಲಗಿತ್ತಿಯನ್ನು ಕೇಳುತ್ತಾಳೆ. ಹೆಣ್ಣೆಂಬ ಉತ್ತರ ಬಂದಾಗ ತನ್ನ ಆತ್ಮವೇ ಅಂದು ಹಿರಿದಾಯಿತೆಂದು ಆನಂದಪಡುತ್ತಾಳೆ. ಮಗುವಿಗೆ ಒಂದು ವರ್ಷ ತುಂಬಿದಾಗ ಜೋವಕೀಮ್ ದೊಡ್ಡ ಔತಣವನ್ನೇರ್ಪಡಿಸಿ ಯಾಜಕರನ್ನೂ ಹಿರಿಯರನ್ನೂ ಜನರೆಲ್ಲರನ್ನೂ ಕರೆಯುತ್ತಾನೆ. ಮೂರು ವರ್ಷವಾದಾಗ ಆಕೆಯನ್ನು ದೇವಾಲಯಕ್ಕೆ ಕರೆದೊಯ್ಯುತ್ತಾರೆ. ಮಗು ಹಿಂದಿರುಗಿ ನೋಡದಿರಲೆಂದು, ದೀಪ ಹಿಡಿದ ಹುಡುಗಿಯರ ಒಂದು ಗುಂಪನ್ನೇ ಜೊತೆಗೆ ಕಳುಹಿಸುತ್ತಾರೆ. ಅಲ್ಲಿ ಬಲಿಪೀಠದ ಮೂರನೆಯ ಮೆಟ್ಟಿಲಿನ ಮೇಲೆ ಕುಳ್ಳಿರಿಸಿದಾಗ ಆ ಪುಟ್ಟ ಹುಡುಗಿ ಕುಣಿಯುತ್ತಾಳೆ. ಕಂಡವರೆಲ್ಲರೂ ಆಕೆಯನ್ನು ಪ್ರೀತಿಸುತ್ತಾರೆ.

ಇತಿಹಾಸದ ದೃಷ್ಟಿಯಿಂದ ಈ ಕಥೆಯ ಬೆಲೆಯೆಷ್ಟೆಂಬ ಚರ್ಚೆ ವಿದ್ವಾಂಸರಿಗಿರಲಿ. ಹದಿನೆಂಟು ಶತಮಾನಗಳ ಹಿಂದಿನ ಭಕ್ತರು ಒಂದು ಪವಿತ್ರ ಕುಟುಂಬವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡಾಗ ಕಂಡದ್ದೇನೆಂಬುದು ನಮಗೆ ಮುಖ್ಯ. ಮಗಳ ಹುಟ್ಟಿಗೆ ಹಿಗ್ಗಿದ ತಾಯಿಯನ್ನು, ಮಗಳ ಹುಟ್ಟುಹಬ್ಬಕ್ಕೆ ಊರನ್ನೇ ಕರೆದ ತಂದೆಯನ್ನು, ಮೆಟ್ಟಿಲ ಮೇಲೆ ಕುಣಿದ ಮಗುವನ್ನು ಅವರು ಕಂಡರು.

ಇನ್ನು ದಾಖಲೆಗಳುಳ್ಳ ಇತಿಹಾಸಕ್ಕೆ ಬರೋಣ. ಫ್ರಾನ್ಸ್ ದೇಶದ ಅಲಾನ್ಸೋನ್ ಪಟ್ಟಣದಲ್ಲಿ ಗಡಿಯಾರದ ಕೆಲಸಗಾರನಾಗಿದ್ದ ಲೂಯಿ ಮಾರ್ಟಿನ್ ಮತ್ತು ಲೇಸು ಹೆಣೆಯುವ ಉದ್ಯಮ ನಡೆಸುತ್ತಿದ್ದ ಝೆಲಿ ದಂಪತಿಗಳಿಗೆ ಒಂಬತ್ತು ಮಕ್ಕಳು ಹುಟ್ಟಿದರು. ನಾಲ್ವರು ಎಳವೆಯಲ್ಲಿಯೇ ತೀರಿಕೊಂಡರು. ಅವರಲ್ಲಿ ಇಬ್ಬರು ಗಂಡುಮಕ್ಕಳು. ಉಳಿದ ಐವರೂ ಹೆಣ್ಣುಮಕ್ಕಳು. ಧರ್ಮಪ್ರಚಾರಕ್ಕೆ ಹೋಗುವ ಒಬ್ಬ ಮಗನನ್ನು ಕೊಡೆಂದು ಆ ದಂಪತಿಗಳು ಪ್ರಾರ್ಥಿಸಿದ್ದರು. ಮಗನು ಉಳಿಯಲಿಲ್ಲ. 1873ರಲ್ಲಿ ಹುಟ್ಟಿದ ಕೊನೆಯ ಮಗಳೇ ಲಿಸ್ಯೂವಿನ ಸಂತ ತೆರೇಸಾ. ಮಠದ ಹೊರಗೆ ಧರ್ಮಪ್ರಚಾರಕ್ಕೆ ಕಾಲಿಡದ ಆಕೆಯನ್ನು 1927ರಲ್ಲಿ ಪೋಪ್ ಹನ್ನೊಂದನೆಯ ಪಿಯುಸ್ ಅವರು ಧರ್ಮಪ್ರಚಾರದ ಪಾಲಕಿಯೆಂದು ಸಾರಿದರು. ತಂದೆತಾಯಿಯರಿಗೆ 2015ರಲ್ಲಿ ಒಟ್ಟಿಗೆ ಸಂತ ಪದವಿ ದೊರೆಯಿತು.

ಈ ಮನೆಯಲ್ಲಿ ಪ್ರಾರ್ಥನೆಯಿತ್ತು. ಅದರ ಪಕ್ಕದಲ್ಲಿಯೇ ಆಟವೂ ಇತ್ತು. ತಾಯಿ 1877ರಲ್ಲಿ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡಾಗ ತೆರೇಸಾಳಿಗೆ ನಾಲ್ಕೂವರೆ ವರ್ಷ. ಐವರು ಹೆಣ್ಣುಮಕ್ಕಳೊಡನೆ ಒಂಟಿಯಾದ ತಂದೆ ಮನೆಯ ಬಾಗಿಲು ಹಾಕಿಕೊಂಡು ಕುಳಿತುಕೊಳ್ಳಲಿಲ್ಲ. ಕಿರಿಯ ಮಗಳ ಕೈಹಿಡಿದು ಪ್ರತಿದಿನ ಮಧ್ಯಾಹ್ನ ತಿರುಗಾಡಲು ಹೋಗುತ್ತಿದ್ದನು. ತಾನು ಮೀನು ಹಿಡಿಯಲು ಹೋಗುವಾಗ ಆಕೆಯನ್ನೂ ಕರೆದೊಯ್ಯುತ್ತಿದ್ದನು. ಆಕೆ ಹುಲ್ಲಿನ ಮೇಲೆ ಕುಳಿತು, ಅಕ್ಕ ಕಟ್ಟಿಕೊಟ್ಟ ಜಾಮು ಸವರಿದ ರೊಟ್ಟಿ ತಿನ್ನುವ ಹೊತ್ತಿಗೆ ಬಣ್ಣಗೆಟ್ಟಿರುವುದನ್ನು ಕಂಡು ಬೇಸರಪಡುತ್ತಿದ್ದಳು. 1878ರಲ್ಲಿ ತ್ರೂವಿಲ್ ಎಂಬಲ್ಲಿ ತಂದೆಯೊಡನೆ ಮೊದಲ ಬಾರಿಗೆ ಕಡಲನ್ನು ಕಂಡಳು. ಚಳಿಗಾಲದ ಸಂಜೆಗಳಲ್ಲಿ ಮನೆಯವರೆಲ್ಲರೂ ಕೂಡಿ ಚೌಕಮಣೆಯ ಆಟವಾಡಿ, ಪುಸ್ತಕವೊಂದನ್ನು ಗಟ್ಟಿಯಾಗಿ ಓದಿ, ಪ್ರಾರ್ಥಿಸಿ ಮಲಗುತ್ತಿದ್ದರು. ಪರಮಪ್ರಸಾದದ ಮೆರವಣಿಗೆಯಲ್ಲಿ ಹೂವೆರಚುವಾಗ, ಎಸಳು ಪ್ರಭುವಿನ ಪಾತ್ರೆಯನ್ನು ಮುಟ್ಟಲೆಂದು ಆ ಹುಡುಗಿ ಆದಷ್ಟು ಎತ್ತರಕ್ಕೆ ಎಸೆಯುತ್ತಿದ್ದಳಂತೆ. ನಮ್ಮ ಮೊಂತಿ ಹಬ್ಬದ ಮಕ್ಕಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತಿರುಗಾಟದ ದಾರಿಯಲ್ಲಿ ಬಡವರು ಎದುರಾದರೆ, ನಾಣ್ಯವನ್ನು ತಂದೆ ಮಗಳ ಕೈಯಿಂದಲೇ ಕೊಡಿಸುತ್ತಿದ್ದನು. ಒಮ್ಮೆ ಊರುಗೋಲಿನ ಮೇಲೆ ನಡೆಯುತ್ತಿದ್ದ ವೃದ್ಧನೊಬ್ಬನು ಆಕೆ ನೀಡಿದ ನಾಣ್ಯವನ್ನು ಮುಗುಳ್ನಕ್ಕು ನಿರಾಕರಿಸಿದನು. ಆಕೆ ನೊಂದುಕೊಂಡು, ತನ್ನ ಪ್ರಥಮ ಪರಮಪ್ರಸಾದದ ದಿನ ಆತನಿಗಾಗಿ ಪ್ರಾರ್ಥಿಸುವೆನೆಂದು ನಿಶ್ಚಯಿಸಿ, ಐದು ವರ್ಷಗಳ ನಂತರ ಹಾಗೆಯೇ ಮಾಡಿದಳು. ಕರುಣೆಯ ಪಾಠವನ್ನು ಆ ಮಗು ಕಲಿತದ್ದು ಅಪ್ಪನೊಡನೆ ತಿರುಗಾಡಿದ ಬೀದಿಯಲ್ಲಿ.

ಹಲವು ಹೆಣ್ಣುಮಕ್ಕಳಿರುವ ತಂದೆಯರು ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ಲೂಯಿ ಮಾರ್ಟಿನ್ ತನ್ನ ಐವರಿಗೂ ಬೇರೆ ಬೇರೆ ಮುದ್ದಿನ ಹೆಸರಿಟ್ಟಿದ್ದನು. ಹಿರಿಯವಳು ವಜ್ರ, ಎರಡನೆಯವಳು ಮುತ್ತು, ಮೂರನೆಯವಳು ಒಳ್ಳೆಯ ಲಿಯೋನಿ, ನಾಲ್ಕನೆಯವಳು ಧೀರೆ, ಕೊನೆಯವಳು ಪುಟ್ಟ ರಾಣಿ. ಆತನ ಕಣ್ಣಿಗೆ ಅವರು ‘ಐದು ಹೆಣ್ಣು’ ಆಗಿರಲಿಲ್ಲ. ಗುಂಪಿನಲ್ಲಿ ಬೆಳೆಯುವ ಪ್ರತಿಯೊಬ್ಬ ಮಗಳಿಗೂ ತಾನೊಬ್ಬಳೇ ಆಗಿ ತಂದೆತಾಯಿಯ ಕಣ್ಣಿಗೆ ಬೀಳುವ ಹಂಬಲವಿರುತ್ತದೆ.

ಆಟ ವಿನೋದಗಳು ಗಂಭೀರ ಜನರಿಗೆ ತಕ್ಕುದಲ್ಲವೆಂದು ಯಾರಾದರೂ ಭಾವಿಸುವುದಾದರೆ, ನಮ್ಮ ಗುರುಮಠದ ದಿನಗಳಿಂದ ನಾವು ಗುರುವೆಂದು ಕಂಡ ಸಂತ ತೋಮಸ್ ಅಕ್ವಿನಾಸರ ಮಾತನ್ನು ಅವರು ಕೇಳಬೇಕು. ‘ಸುಮ್ಮಾ ಥಿಯೊಲೊಜಿಯಾ’ದಲ್ಲಿ ಅವರು ಹಿತಮಿತವಾದ ವಿನೋದವನ್ನು ಒಂದು ಸದ್ಗುಣವೆಂದೇ ಎಣಿಸಿ, ಹಳೆಯ ಕಥೆಯೊಂದನ್ನು ಹೇಳುತ್ತಾರೆ. ಪ್ರೇಷಿತ ಯೊವಾನ್ನರು ಶಿಷ್ಯರೊಡನೆ ಆಡುತ್ತಿರುವುದನ್ನು ಕಂಡು ಕೆಲವರು ಬೇಸರಪಟ್ಟರು. ಅವರಲ್ಲಿ ಬಿಲ್ಲು ಹಿಡಿದಿದ್ದವನಿಗೆ ಯೊವಾನ್ನರು ಬಾಣ ಬಿಡಲು ಹೇಳಿದರು. ಹಲವು ಬಾಣಗಳ ನಂತರ, ಹೀಗೆಯೇ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದರು. ಬಿಲ್ಲು ಮುರಿದೀತೆಂದು ಅವನೆಂದನು. ಮನುಷ್ಯನ ಮನಸ್ಸೂ ಹಾಗೆಯೇ ಎಂದರು ಯೊವಾನ್ನರು. ತಾವೂ ನಗದೆ ಇತರರನ್ನೂ ನಗಗೊಡದವರನ್ನು ಅಕ್ವಿನಾಸರು ತಪ್ಪಿತಸ್ಥರ ಸಾಲಿಗೆ ಸೇರಿಸುತ್ತಾರೆ. ತಂದೆಯರು ಇದನ್ನು ಸ್ವಲ್ಪ ಧ್ಯಾನಿಸಲಿ!

ಹಾಗಾದರೆ ಏನು ಮಾಡಬಹುದು? ದೊಡ್ಡ ಖರ್ಚಿನ ಮಾತನ್ನು ನಾವು ಆಡುತ್ತಿಲ್ಲ. ಪಣಂಬೂರಿನ ಕಡಲ ದಂಡೆಗೆ ಒಂದು ಸಂಜೆ, ಜನವರಿಯಲ್ಲಿ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಒಂದು ದಿನ, ಇಟಲಿಯ ಕಲಾವಿದ ಅಂತೋನಿಯೊ ಮೊಸ್ಕೇನಿ ಚಿತ್ರಿಸಿದ ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆಗಳ ಮುಂದೆ ಒಂದು ಗಂಟೆ. ಇವು ಬಡ ಕುಟುಂಬಕ್ಕೂ ಎಟಕುವಂಥವು. ಬುತ್ತಿ ಮನೆಯದೇ ಇರಲಿ. ಬಸ್ಸಿನ ಖರ್ಚಿನ ನೆಪವೂ ಈಗ ನಿಲ್ಲಲಾರದು. ನಮ್ಮ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ನೀಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ಖಾಸಗಿ ಬಸ್ಸುಗಳೇ ಹೆಚ್ಚಿರುವ ಕರಾವಳಿಯಲ್ಲಿಯೂ ಮಡಿಕೇರಿಗೋ ಮೈಸೂರಿಗೋ ಸರ್ಕಾರಿ ಬಸ್ಸು ಹತ್ತಿದರೆ, ನಾಲ್ಕು ಹೆಣ್ಣುಮಕ್ಕಳ ಕುಟುಂಬದಲ್ಲಿ ಟಿಕೇಟು ಕೊಳ್ಳಬೇಕಾದವನು ತಂದೆಯೊಬ್ಬನೇ. ಮೂವರು ಗಂಡುಮಕ್ಕಳ ತಂದೆಗೆ ಈ ಭಾಗ್ಯವಿಲ್ಲ.

ಎಲ್ಲಿಗೆ ಹೋಗಬೇಕೆಂಬುದನ್ನು ಒಂದೊಂದು ಸಲ ಒಬ್ಬೊಬ್ಬ ಮಗಳು ಆರಿಸಲಿ. ಹಿರಿಯ ಮಗಳನ್ನು ಕಿರಿಯರ ಆಯಾ ಆಗಿ ಕರೆದೊಯ್ಯಬೇಡಿರಿ, ಅವಳಿಗೂ ಬಾಲ್ಯವಿದೆ. ಹಬ್ಬದ ದಿನದ ಅಡುಗೆಮನೆಯನ್ನೂ ಒಮ್ಮೆ ಇಣುಕಿ ನೋಡಿರಿ. ಕ್ರಿಸ್ಮಸ್ಸಿನ ಕುಸ್ವಾರಿಗಾಗಿ ನೆವ್ರ್ಯೊ, ಕಿಡಿಯೊ ಮಾಡುತ್ತ ಹುಡುಗಿಯರು ರಾತ್ರಿಯವರೆಗೆ ಕೂಡುವುದು ಸೊಗಸೇ ಸರಿ, ಮನೆಯ ಗಂಡಸರೂ ಆ ಹಿಟ್ಟಿಗೆ ಕೈಹಾಕುವುದಾದರೆ. ಗೋದಲಿ ಕಟ್ಟುವ ಸಂತೋಷ ಹುಡುಗರಿಗೆ, ಪಾತ್ರೆ ತೊಳೆಯುವ ಕೆಲಸ ಹುಡುಗಿಯರಿಗೆ ಎಂಬ ಹಂಚಿಕೆ ಕ್ರಿಸ್ತಜಯಂತಿಗೆ ಒಪ್ಪುವುದಿಲ್ಲ. ಮೊಂತಿ ಹಬ್ಬದ ಊಟಕ್ಕೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳಲಿ. ಬಡಿಸುವವರು ಕೊನೆಗೆ ಉಳಿದದ್ದನ್ನು ಉಣ್ಣುವ ಪದ್ಧತಿ ಅಂದಾದರೂ ನಿಲ್ಲಲಿ.

ಹಳೆಯ ಒಡಂಬಡಿಕೆಯ ಯೋಬನ ಗ್ರಂಥವು ಒಂದು ಕುಟುಂಬದ ಹಬ್ಬದೂಟದಿಂದಲೇ ಆರಂಭವಾಗುತ್ತದೆ. ಯೋಬನ ಏಳು ಗಂಡುಮಕ್ಕಳು ಸರದಿಯಂತೆ ತಮ್ಮ ಮನೆಗಳಲ್ಲಿ ಔತಣ ಮಾಡಿ, ಮೂವರು ಸಹೋದರಿಯರನ್ನೂ ಕರೆಯುತ್ತಿದ್ದರು. ಎಲ್ಲವನ್ನೂ ಕಳೆದುಕೊಂಡು ಮರಳಿ ಪಡೆದ ಯೋಬನಿಗೆ ಕೊನೆಯಲ್ಲಿ ಮತ್ತೆ ಏಳು ಗಂಡು, ಮೂರು ಹೆಣ್ಣುಮಕ್ಕಳು ಹುಟ್ಟುತ್ತಾರೆ. ಗ್ರಂಥವು ಗಂಡುಮಕ್ಕಳ ಹೆಸರು ಹೇಳುವುದಿಲ್ಲ. ಹೆಣ್ಣುಮಕ್ಕಳ ಮೂವರ ಹೆಸರನ್ನೂ ಹೇಳುತ್ತದೆ. ಸಹೋದರರ ಜೊತೆಗೆ ಅವರಿಗೂ ತಂದೆ ಆಸ್ತಿಯಲ್ಲಿ ಪಾಲು ಕೊಟ್ಟನೆಂದು ದಾಖಲಿಸುತ್ತದೆ. ದುಃಖವನ್ನು ತಳದವರೆಗೆ ಕಂಡುಬಂದ ಮನುಷ್ಯನಿಗೆ ತನ್ನ ಹೆಣ್ಣುಮಕ್ಕಳ ಬೆಲೆ ತಿಳಿದಿತ್ತೆಂದು ನಾವು ಓದಿಕೊಳ್ಳಬಹುದು.

ಪಾಲೆಂದರೆ ಭೂಮಿ ಬಂಗಾರಗಳಷ್ಟೇ ಅಲ್ಲವೆಂಬುದು ನಮ್ಮ ಅಭಿಪ್ರಾಯ. ತಂದೆಯ ಸಮಯ, ತಾಯಿಯ ನಗು, ಕಡಲ ದಂಡೆಯ ಒಂದು ಸಂಜೆ, ಹಬ್ಬದೆಲೆಯ ಮುಂದೆ ಒಂದು ಸ್ಥಾನ, ಇವುಗಳಲ್ಲಿಯೂ ಹೆಣ್ಣುಮಕ್ಕಳಿಗೆ ಪಾಲಿದೆ. ಭೂಮಿಯ ಪಾಲನ್ನು ತಡವಾಗಿಯಾದರೂ ಕೊಡಬಹುದು. ಬಾಲ್ಯದ ಪಾಲನ್ನು ಬಾಲ್ಯದಲ್ಲಿಯೇ ಕೊಡಬೇಕು. ಪ್ರಿಯ ಓದುಗರೇ, ಈ ಸಲದ ಮೊಂತಿ ಹಬ್ಬದಂದು ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದಾಗ, ಕಾಳು ಸುಲಿದು ಎಲ್ಲರಿಗೂ ಹಂಚುವ ಗೌರವವನ್ನು ನಿಮ್ಮ ಮಗಳ ಕೈಗೆ ಕೊಟ್ಟು ನೋಡಿರಿ. ಹಲವು ಹೆಣ್ಣುಮಕ್ಕಳಿದ್ದರೆ ವರ್ಷಕ್ಕೊಬ್ಬಳಂತೆ ಸರದಿಯಾಗಲಿ. ‘ಎಲ್ಲವೂ ಹೆಣ್ಣೇ?’ ಎಂದು ಇಗರ್ಜಿಯ ಅಂಗಳದಲ್ಲಿ ಯಾರಾದರೂ ಮತ್ತೆ ಕೇಳಿದರೆ, ‘ಹೌದು, ಇಂದು ಅವರದೇ ಹಬ್ಬ’ ಎಂದು ಉತ್ತರಿಸಿ, ಅವರನ್ನೂ ಊಟಕ್ಕೆ ಕರೆಯಿರಿ.