ಧೂಮಪಾನ ತ್ಯಜಿಸಲು ವೈದ್ಯರ ಚೀಟಿಯ ಮೇರೆಗೆ ನೀಡುವ ಔಷಧಿಗಳು: ಸಾರ್ವಜನಿಕರಿಗೆ ಮಾಹಿತಿ

ಬೀಡಿ ಅಥವಾ ಸಿಗರೇಟು ಸೇದುವ ಅಭ್ಯಾಸವನ್ನು ತ್ಯಜಿಸಲು ಇಚ್ಛಿಸುವವರಿಗೆ ಮನೋಬಲದ ಜೊತೆಗೆ ಔಷಧಿಯ ನೆರವೂ ಲಭ್ಯವಿರುತ್ತದೆ. ಹೊಗೆಯಲ್ಲಿರುವ ನಿಕೋಟಿನ್‌ಗೆ ಮೆದುಳು ಒಗ್ಗಿಹೋಗಿರುವುದರಿಂದ, ಬಿಟ್ಟ ಮೊದಲ ವಾರದಲ್ಲಿ ಸಿಡಿಮಿಡಿ, ನಿದ್ರಾಹೀನತೆ, ಚಡಪಡಿಕೆ ತೀವ್ರವಾಗಿರುತ್ತವೆ. ಅನೇಕರು ಸೋಲುವುದು ಈ ಹಂತದಲ್ಲಿಯೇ. ಇದನ್ನು ಮನಸ್ಸಿನ ದೌರ್ಬಲ್ಯವೆಂದು ಭಾವಿಸುವುದು ಸರಿಯಲ್ಲ.

ಪ್ರಸ್ತುತ ಪ್ರಮುಖವಾಗಿ ಬಳಕೆಯಲ್ಲಿರುವ ಮಾತ್ರೆಗಳು ವರೆನಿಕ್ಲಿನ್ ಮತ್ತು ಬುಪ್ರೊಪಿಯಾನ್. ವಿಶ್ವ ಆರೋಗ್ಯ ಸಂಸ್ಥೆಯು ಇವೆರಡನ್ನೂ 2021ರಲ್ಲಿ ತನ್ನ ಅತ್ಯಾವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿದೆ. ವರೆನಿಕ್ಲಿನ್ ಮಾತ್ರೆಯು ಮೆದುಳಿನಲ್ಲಿ ನಿಕೋಟಿನ್ ಕೂರುವ ಸ್ಥಾನವನ್ನೇ ಆಕ್ರಮಿಸುವುದರಿಂದ ಚಡಪಡಿಕೆ ತಗ್ಗುತ್ತದೆ. ನಡುವೆ ಒಂದು ಬೀಡಿ ಸೇದಿದರೂ ಹಿಂದಿನ ತೃಪ್ತಿ ದೊರೆಯುವುದಿಲ್ಲ. ಸಾಮಾನ್ಯವಾಗಿ ಮೊದಲ 3 ದಿನ ದಿನಕ್ಕೊಮ್ಮೆ 0.5 ಮಿ.ಗ್ರಾಂ., ಮುಂದಿನ 4 ದಿನ ದಿನಕ್ಕೆರಡು ಬಾರಿ 0.5 ಮಿ.ಗ್ರಾಂ., 8ನೇ ದಿನದಿಂದ ದಿನಕ್ಕೆರಡು ಬಾರಿ 1 ಮಿ.ಗ್ರಾಂ.ನಂತೆ ಒಟ್ಟು 12 ವಾರ ನೀಡಲಾಗುತ್ತದೆ. ಮೂತ್ರಪಿಂಡದ ತೀವ್ರ ತೊಂದರೆ ಇರುವವರಿಗೆ ಈ ಪ್ರಮಾಣವನ್ನು ವೈದ್ಯರು ಕಡಿಮೆ ಮಾಡುತ್ತಾರೆ. ವಾಕರಿಕೆ ಸಾಮಾನ್ಯ, ಊಟದ ನಂತರ ತುಂಬಿದ ಲೋಟ ನೀರಿನೊಂದಿಗೆ ಸೇವಿಸಿದಲ್ಲಿ ಇದು ಕಡಿಮೆಯಾಗುತ್ತದೆ.

ಮಾತ್ರೆ ಆರಂಭಿಸಿದ ದಿನವೇ ಧೂಮಪಾನ ನಿಲ್ಲಿಸಬೇಕೆಂದಿಲ್ಲ. ನಿಲ್ಲಿಸುವ ದಿನವನ್ನು ಮುಂಚಿತವಾಗಿ ಗೊತ್ತುಪಡಿಸಿ, ಅದಕ್ಕೆ ಒಂದೆರಡು ವಾರ ಮೊದಲು ಮಾತ್ರೆ ಆರಂಭಿಸುವುದು ಕ್ರಮ. ಈ ವಿಷಯ ತಿಳಿಯದೆ, "ನಾಲ್ಕು ದಿನವಾಯಿತು, ಇನ್ನೂ ಸೇದುತ್ತಿದ್ದೇನೆ, ಮಾತ್ರೆ ವ್ಯರ್ಥ" ಎಂದು ಕೈಬಿಡುವವರಿದ್ದಾರೆ. ಮತ್ತೆ ಕೆಲವರು ಸೇದುವುದು ನಿಂತ ಕೂಡಲೇ ಮಾತ್ರೆಯನ್ನೂ ನಿಲ್ಲಿಸುತ್ತಾರೆ. ಎರಡೂ ತಪ್ಪು.

ಬುಪ್ರೊಪಿಯಾನ್ ಮೂಲತಃ ಖಿನ್ನತೆಗೆ ನೀಡುವ ಔಷಧಿ. ಮೂರ್ಛೆರೋಗ ಇರುವವರು ಅಥವಾ ಹಿಂದೆ ಫಿಟ್ಸ್ ಬಂದಿರುವವರು ಇದನ್ನು ಸೇವಿಸತಕ್ಕದ್ದಲ್ಲ. ಮದ್ಯಪಾನವನ್ನು ಹಠಾತ್ತನೆ ನಿಲ್ಲಿಸಿರುವವರಿಗೂ ಇದು ಅಪಾಯಕರ. ಆದುದರಿಂದ ನೆರೆಮನೆಯವರಿಗೆ ಗುಣ ಕಂಡಿತೆಂದು ಅವರ ಚೀಟಿ ತೋರಿಸಿ ಔಷಧಿ ಕೊಳ್ಳುವುದು ಖಂಡಿತ ಸಲ್ಲದು. ಈ ಮಾತ್ರೆಯನ್ನು ಪುಡಿಮಾಡಿ ನುಂಗಬಾರದು.

ವರೆನಿಕ್ಲಿನ್‌ನಿಂದ ಮನಸ್ಸು ಕೆಡುತ್ತದೆಂಬ ಭಯ ಇಂದಿಗೂ ಕೆಲವರಲ್ಲಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2009ರಲ್ಲಿ ಇಂತಹ ಎಚ್ಚರಿಕೆಯನ್ನು ಪೊಟ್ಟಣದ ಮಾಹಿತಿ ಪತ್ರದಲ್ಲಿ ಮುದ್ರಿಸಲು ಸೂಚಿಸಿದ್ದು ನಿಜ. 8,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನದ ನಂತರ 2016ರಲ್ಲಿ ಅದನ್ನು ತೆಗೆದುಹಾಕಲಾಯಿತು. ಆದರೂ ಔಷಧಿ ಸೇವಿಸುವಾಗ ಮನಸ್ಥಿತಿಯಲ್ಲಿ ಏರುಪೇರು ಕಂಡುಬಂದಲ್ಲಿ ಕೂಡಲೇ ವೈದ್ಯರಿಗೆ ತಿಳಿಸತಕ್ಕದ್ದು.

ಫಲಿತಾಂಶದ ಬಗ್ಗೆ ಉತ್ಪ್ರೇಕ್ಷೆ ಬೇಡ. ನೆರವಿಲ್ಲದೆ ಪ್ರಯತ್ನಿಸುವ 100 ಜನರಲ್ಲಿ ಸುಮಾರು 6 ಮಂದಿ ದೀರ್ಘಕಾಲ ಬಿಡುವಲ್ಲಿ ಯಶಸ್ವಿಯಾದರೆ, ವರೆನಿಕ್ಲಿನ್ ಬಳಸಿದವರಲ್ಲಿ ಈ ಸಂಖ್ಯೆ ಸುಮಾರು 14. ಇದು ಎರಡು ಪಟ್ಟಿಗಿಂತ ಅಧಿಕ. ಮೊದಲ ಬಾರಿ ವಿಫಲರಾದವರು ಮತ್ತೆ ಪ್ರಯತ್ನಿಸಲು ಅಡ್ಡಿಯಿಲ್ಲ.

ಕಡೆಗಣಿಸಲ್ಪಡುವ ಮತ್ತೊಂದು ಅಂಶವಿದೆ. ಹೊಗೆಯ ಅಂಶಗಳು ಕೆಲವು ಔಷಧಿಗಳನ್ನು ದೇಹದಿಂದ ಬೇಗ ಹೊರಹಾಕುತ್ತವೆ. ಸೇದುವುದು ನಿಂತಾಗ ಅದೇ ಔಷಧಿಗಳ ಮಟ್ಟ ರಕ್ತದಲ್ಲಿ ಏರುತ್ತದೆ. ಉಬ್ಬಸಕ್ಕೆ ಥಿಯೋಫಿಲಿನ್ ಅಥವಾ ಮಾನಸಿಕ ಕಾಯಿಲೆಗೆ ಕ್ಲೋಜಪಿನ್ ಸೇವಿಸುತ್ತಿರುವವರು ಮುಂಚಿತವಾಗಿ ವೈದ್ಯರಿಗೆ ತಿಳಿಸಿ ಪ್ರಮಾಣವನ್ನು ಸರಿಪಡಿಸಿಕೊಳ್ಳಬೇಕು. ಇನ್ಸುಲಿನ್ ಪಡೆಯುವವರು ಸಕ್ಕರೆ ಅಂಶವನ್ನು ಹೆಚ್ಚು ಬಾರಿ ಪರೀಕ್ಷಿಸಿಕೊಳ್ಳುವುದು ಒಳಿತು.

ಸಲಹೆ ಪಡೆಯಲಿಚ್ಛಿಸುವವರು ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ವ್ಯಸನಮುಕ್ತಿ ಸೇವೆಯ ಬಗ್ಗೆ ವಿಚಾರಿಸಬಹುದು. ಶುಲ್ಕರಹಿತ ರಾಷ್ಟ್ರೀಯ ದೂರವಾಣಿ ಸಂಖ್ಯೆ 1800-11-2356ಕ್ಕೂ ಕರೆ ಮಾಡಬಹುದಾಗಿದೆ. ವೈದ್ಯರ ಭೇಟಿಗೆ ಬರುವಾಗ ಹಾಲಿ ಸೇವಿಸುತ್ತಿರುವ ಎಲ್ಲಾ ಔಷಧಿಗಳ ಚೀಟಿಗಳನ್ನು, ಚೀಟಿ ಇಲ್ಲದಿದ್ದಲ್ಲಿ ಖಾಲಿ ಪಟ್ಟಿಗಳನ್ನಾದರೂ ತರತಕ್ಕದ್ದು. ದಿನಕ್ಕೆ ಸೇದುವ ಬೀಡಿ, ಸಿಗರೇಟುಗಳ ಸಂಖ್ಯೆಯನ್ನು ಸಂಕೋಚವಿಲ್ಲದೆ, ಇದ್ದದ್ದು ಇದ್ದಂತೆ ತಿಳಿಸುವುದು.