ಅಪ್ಪನ ಪದ್ಮಿನಿ ಮತ್ತು ಅಂಗಳದ ಚೈನ್ ಕುಪ್ಪಿ

ಪುಣೆಯ ನಮ್ಮ ಮನೆಯ ಅಂಗಳದಲ್ಲಿ ಅಪ್ಪನ 1986ರ ಪ್ರೀಮಿಯರ್ ಪದ್ಮಿನಿ ಇನ್ನೂ ಇದೆ. ಪ್ರತಿ ಮೇ ತಿಂಗಳು ನಾವು ಧಾರವಾಡಕ್ಕೆ ಹೋಗುತ್ತಿದ್ದದ್ದು ಅದರಲ್ಲೇ. ಖಂಬಾಟ್ಕಿ ಘಾಟ್ ಹತ್ತುವಾಗ ಎಂಜಿನ್ ಕಾಯುತ್ತಿತ್ತು. ಅಪ್ಪ ಗಾಡಿ ಬದಿಗೆ ಹಾಕಿ ಬಾನೆಟ್ ಎತ್ತಿದರೆ, ಅವ್ವ ಬುತ್ತಿಗಂಟು ಬಿಚ್ಚುತ್ತಿದ್ದಳು. ರೇಡಿಯೇಟರ್ ತಣ್ಣಗಾಗುವಷ್ಟರಲ್ಲಿ ನಮ್ಮ ಊಟ ಮುಗಿಯುತ್ತಿತ್ತು.

2023ರ ಅಕ್ಟೋಬರಿನಲ್ಲಿ ಮುಂಬೈ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳು ಮರೆಯಾದಾಗ ನಮ್ಮದೂ ಮೂಲೆ ಸೇರಿತ್ತು. ನೀಲಿ ಹೊಗೆ, ಜಾರುವ ಕ್ಲಚ್. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ಹೊಗೆಯಲ್ಲಿ ಅದು ಆಗುವ ಮಾತಲ್ಲ. "ಗುಜರಿಗೆ ಹಾಕಿಬಿಡಿ" ಎಂದರು ಕೆಲವರು. ಬೇರೆ ಹಳೆ ಎಂಜಿನ್ ಕೂರಿಸಿದರೆ ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಿಸುವ ಓಡಾಟ. ಅಪ್ಪನ ಎಂಜಿನ್ ಉಳಿಯಬೇಕೆಂದರೆ ಅದನ್ನು ಹೊರಗೆ ತೆಗೆದು ಬೋರಿಂಗ್ ಮಾಡಿಸಲೇಬೇಕಿತ್ತು.

ನಮ್ಮ ಓಣಿಯಲ್ಲಿ ವಿಜಯಪುರ ಕಡೆಯ ಒಬ್ಬ ಮೇಸ್ತ್ರಿ ಇದ್ದಾರೆ. ಅವರು ಒಂದೇ ಷರತ್ತು ಹಾಕಿದರು: "ಮನ್ಯಾಗ ಮಾಡೂಣ್ರಿ ಸರ, ಆದ್ರ ನಾ ಹೇಳಿದಂಗ ಕೇಳಬೇಕು."

ಪೋರ್ಚಿನ ಸ್ಲ್ಯಾಬಿನ ಕೊಂಡಿಗೆ ಚೈನ್ ಕುಪ್ಪಿ ತೂಗುಹಾಕೋಣ ಎಂದೆ. ಅವರು ಕೊಂಡಿ ನೋಡಿ ನಕ್ಕರು. ಅದು ತೊಟ್ಟಿಲಿಗೆ ಹಾಕಿದ್ದು. ಬೋರ್‌ವೆಲ್ ಪಂಪ್ ಎತ್ತುವವರ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್, ಒಂದು ಟನ್ನಿನ ಚೈನ್ ಕುಪ್ಪಿ ಎರಡೂ ಬಾಡಿಗೆಗೆ ಬಂದವು. ಕಾಲುಗಳು ಜಾರದಂತೆ ಮೂರನ್ನೂ ಸುತ್ತಿ ಸರಪಳಿ ಬಿಗಿದೆವು.

ಎತ್ತುವುದು ಹತ್ತು ನಿಮಿಷದ ಕೆಲಸ, ಬಿಚ್ಚುವುದು ಇಡೀ ದಿನದ್ದು. ಮೊದಲು ಬ್ಯಾಟರಿ, ಆಮೇಲೆ ನೀರು, ಆಯಿಲ್, ಬಾನೆಟ್, ರೇಡಿಯೇಟರ್, ಕಾರ್ಬ್ಯುರೇಟರ್. ಪೆಟ್ರೋಲ್ ಪೈಪಿನ ಬಾಯಿ ಮುಚ್ಚಿದೆವು. ಪ್ರತಿ ವೈರಿಗೂ ಟೇಪ್ ಸುತ್ತಿ ನಂಬರ್ ಬರೆದೆ, ಬಿಚ್ಚುವ ಮುನ್ನ ಫೋಟೊ ತೆಗೆದೆ. ಬೋಲ್ಟ್‌ಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಇಟ್ಟೆ. ಗೇರ್‌ಬಾಕ್ಸ್ ಗಾಡಿಯಲ್ಲೇ ಉಳಿಯುವುದರಿಂದ ಅದರ ಕೆಳಗೆ ಜಾಕ್ ಕೊಟ್ಟೆವು. ಇಲ್ಲದಿದ್ದರೆ ಎಂಜಿನ್ ಬಿಟ್ಟೊಡನೆ ಅದು ಜೋತುಬೀಳುತ್ತದೆ.

ಎಂಜಿನ್ ಅರ್ಧ ಅಡಿ ಎದ್ದಾಗ ಒಂದು ವೈರು ಸಿಕ್ಕಿಕೊಂಡಿತು. ಬಿಡಿಸಲು ಕೆಳಗೆ ಕೈ ಚಾಚಿದೆ. ಮೇಸ್ತ್ರಿ ನನ್ನ ರಟ್ಟೆ ಹಿಡಿದು ಎಳೆದರು. "ಜೋತಾಡೋದರ ಕೆಳಗ ಕೈ ಹಾಕಬ್ಯಾಡ್ರಿ. ಸರಪಳಿ ಹೇಳಿ ಹರಿಯಂಗಿಲ್ಲ." ಎಂಜಿನ್ ಇಳಿಸಿ, ವೈರು ಬಿಡಿಸಿ, ಮತ್ತೆ ಎತ್ತಿದೆವು. ಅದು ಮೇಲೆ ನಿಂತಿತು. ಗಾಡಿಯನ್ನು ನಾವು ಹಿಂದಕ್ಕೆ ತಳ್ಳಿದೆವು.

ನಾನಾ ಪೇಠೆಯಲ್ಲಿ ಅಲೆದು ಓವರ್‌ಸೈಜ್ ಪಿಸ್ಟನ್, ರಿಂಗು, ಆಯಿಲ್ ಸೀಲು, ಕ್ಲಚ್ ಪ್ಲೇಟು ತಂದೆ. 1089 ಸಿಸಿಯ ಪುಟ್ಟ ಎಂಜಿನ್ ಅದು. 68 ಮಿ.ಮೀ. ಅಗಲದ ನಾಲ್ಕು ಸಿಲಿಂಡರ್. ಲೇಥ್‌ನವರ ಕೆಲಸ, ಜೋಡಣೆ ಎಲ್ಲ ಸೇರಿ ಮೂರು ವಾರ ಹಿಡಿಯಿತು.

ಕೂರಿಸುವ ದಿನ ನನ್ನ ನಿಜವಾದ ಪರೀಕ್ಷೆ. ಎಂಜಿನ್ ಇಳಿಯಿತು, ಗೇರ್‌ಬಾಕ್ಸಿಗೆ ಎರಡು ಬೆರಳು ಅಂತರದಲ್ಲಿ ನಿಂತಿತು. ಎಷ್ಟು ಅಲುಗಾಡಿಸಿದರೂ ಸೇರಲಿಲ್ಲ. ಮೇಸ್ತ್ರಿ ಚಹಾ ಕುಡಿಯಲು ಹೋದಾಗ, ಬೋಲ್ಟ್ ಬಿಗಿದರೆ ತಾನೇ ಬರುತ್ತದೆಂದು ನಾನು ಸ್ಪ್ಯಾನರ್ ಹಾಕಿದೆ. ಎರಡು ಸುತ್ತು ತಿರುಗಿಸುವಷ್ಟರಲ್ಲಿ ಅವರು ಓಡಿ ಬಂದರು.

"ಬೋಲ್ಟ್ ಇರೋದು ಜಗ್ಗಾಕ ಅಲ್ರಿ, ಹಿಡಿಯಾಕ!"

ಬೋಲ್ಟ್ ಹಚ್ಚಿ ಜಗ್ಗಿದರೆ ಗೇರ್‌ಬಾಕ್ಸಿನ ಕಿವಿ ಮುರಿಯಬಹುದು, ಹೊಸ ಕ್ಲಚ್ ಪ್ಲೇಟ್ ಸೊಟ್ಟಗಾಗಬಹುದು. ಎಂಜಿನ್ ಮತ್ತೆ ಮೇಲೆತ್ತಿ ನೋಡಿದರೆ ಪ್ಲೇಟ್ ನಡುವಿಗೆ ಇರಲಿಲ್ಲ. ಅದನ್ನು ಜೋಡಿಸಿದವನು ನಾನೇ, ಕಣ್ಣಳತೆಯಲ್ಲಿ. ಮೇಸ್ತ್ರಿ ಯಾವುದೋ ಹಳೆ ಗೇರ್‌ಬಾಕ್ಸಿನ ಶಾಫ್ಟ್ ತಂದು, ಪ್ಲೇಟಿನ ಹಲ್ಲಿನೊಳಗೆ ತೂರಿಸಿ, ಮಧ್ಯಕ್ಕೆ ತಂದು ಬಿಗಿದರು. ಈ ಸಲ ಎಂಜಿನ್ ಸರಿದು ಹೋಗಿ ಟಪ್ಪೆಂದು ಕೂತಿತು. ಬೋಲ್ಟ್‌ಗಳು ಬೆರಳಲ್ಲೇ ತಿರುಗಿದವು.

ಆಮೇಲೆ ಪ್ಲಗ್ ಬಿಚ್ಚಿಟ್ಟು ಸ್ಟಾರ್ಟರ್ ತಿರುಗಿಸಿದರೆ ಟಕ್ ಎಂದಿತು, ಅಷ್ಟೇ. ಎದೆ ಧಸಕ್ಕೆಂದಿತು. ನೋಡಿದರೆ ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ಅನಾಥವಾಗಿ ನೇತಾಡುತ್ತಿತ್ತು. ನಾನು ಫೋಟೊ ತೆಗೆಯದಿದ್ದದ್ದು ಅದೊಂದನ್ನೇ. ಜೋಡಿಸಿದ ಮೇಲೆ ಆಯಿಲ್ ದೀಪ ಆರುವವರೆಗೆ ಬರಿದೇ ತಿರುಗಿಸಿ, ಆಮೇಲೆ ಪ್ಲಗ್ ಹಾಕಿದೆವು. ಮೂರನೇ ಯತ್ನಕ್ಕೆ ಹಿಡಿಯಿತು. ಹೊಗೆ ಸ್ವಲ್ಪ ಹೊತ್ತು ಬಂದು ತೆಳುವಾಗಿ, ನಿಂತೇ ಹೋಯಿತು.

ನೀವೂ ಕೈ ಹಾಕುವುದಾದರೆ ಒಬ್ಬರೇ ಹಾಕಬೇಡಿ, ಬಲ್ಲವರನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅವರು ಚಹಾಕ್ಕೆ ಹೋದಾಗ ಸ್ಪ್ಯಾನರ್ ಕೆಳಗಿಡಿ.

ಸದ್ದು ಕೇಳಿ ಅವ್ವ ಕೋಲೂರಿಕೊಂಡು ಬಾಗಿಲಿಗೆ ಬಂದಳು. ಒಂದು ಗಳಿಗೆ ಸುಮ್ಮನೆ ನಿಂತು ಕೇಳಿದಳು.

"ಧಾರವಾಡಕ್ಕ ಯಾವಾಗ ಹೋಗೂದು? ನೀರಿನ ಕ್ಯಾನ್ ಮರೀಬ್ಯಾಡ ಮತ್ತ, ಘಾಟಿನ್ಯಾಗ ಬೇಕಾಗ್ತದ."