ದಾಂಪತ್ಯ: ಒಂದು ಪದವಿಚಾರ

‘ದಾಂಪತ್ಯ’ವು ‘ದಂಪತಿ’ಯಿಂದ ಸಿದ್ಧಿಸಿದ ಭಾವನಾಮ. ‘ದಮ್’ ಎಂದರೆ ಮನೆ. ಋಗ್ವೇದದಲ್ಲಿ ‘ದಂಪತಿ’ ಶಬ್ದವು ಏಕವಚನದಲ್ಲಿ ಮನೆಯೊಡೆಯನನ್ನೂ ದ್ವಿವಚನದಲ್ಲಿ ಗಂಡಹೆಂಡಿರಿಬ್ಬರನ್ನೂ ಸೂಚಿಸುತ್ತದೆ. ಒಬ್ಬನ ಒಡೆತನ ಇಬ್ಬರದಾದುದೇ ಈ ದ್ವಿವಚನದ ಸ್ವಾರಸ್ಯ. ದ್ವಿವಚನವಿಲ್ಲದ ಕನ್ನಡವು ಅದನ್ನು ‘ದಂಪತಿಗಳು’ ಎಂದು ಬಹುವಚನವಾಗಿಸಿಕೊಂಡಿತು.

ಮದುವೆ ಒಂದು ಶುಭಕಾರ್ಯ; ಸಂಸಾರವೆಂದರೆ ಮಕ್ಕಳುಮರಿಗಳೂ ಸೇರಿದ ಕುಟುಂಬಭಾರ. ದಾಂಪತ್ಯವಾದರೋ ಇಬ್ಬರ ನಡುವಣ ಬಾಳುವೆಗೆ ಮಾತ್ರ ಸಲ್ಲುವ ಶಬ್ದ. ‘ಮೈಸೂರು ಮಲ್ಲಿಗೆ’ (1942) ದಾಂಪತ್ಯಗೀತೆಗಳ ಸಂಕಲನವೆನಿಸಿದ್ದು ಈ ಅರ್ಥದಲ್ಲಿಯೇ.

ನ್ಯಾಯಾಲಯದಲ್ಲಿ ಇದು ಹಕ್ಕಿನ ಮಾತು. 1955ರ ಹಿಂದೂ ವಿವಾಹ ಅಧಿನಿಯಮದ 9ನೆಯ ಪ್ರಕರಣವು ‘ದಾಂಪತ್ಯ ಹಕ್ಕುಗಳ’ ಪುನಃಸ್ಥಾಪನೆಯನ್ನು ಕುರಿತದ್ದು. ಇಂಥದೇ ಹಕ್ಕಿನ ದಾವೆಯಲ್ಲಿ 1887ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು, ಬಾಲ್ಯವಿವಾಹಿತೆಯಾದ ರಖಮಾಬಾಯಿ ಪತಿಗೃಹಕ್ಕೆ ಹೋಗಬೇಕು, ಇಲ್ಲವೆ ಆರು ತಿಂಗಳು ಸೆರೆಮನೆ ಸೇರಬೇಕು ಎಂದಿತು. ಆಕೆ ಸೆರೆಮನೆಗೆ ಸಿದ್ಧಳಾದಳು. ಆಜ್ಞೆಯಿಂದ ಮದುವೆ ಉಳಿದೀತು. ಇಬ್ಬರ ಒಡೆತನವೆಂಬ ದಾಂಪತ್ಯ ಹುಟ್ಟದು.